ಬಚ್ಚಲೊಲೆಯಿಂದ ಎರಡು ಮೊಳ

ಮಳೆಗಾಲ ಹಿಡಿಯುವ ಮೊದಲು ನಮ್ಮ ವಾರ್ಡಿನ ಮನೆಗಳಿಗೆ ಹೋದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಬಚ್ಚಲೊಲೆಯ ಬೂದಿ ಎಲ್ಲಿಗೆ ಹಾಕುತ್ತೀರಿ? ಗ್ಯಾಸಿನ ಬಗ್ಗೆ ಕೇಳುತ್ತಾರೆ, ಕರೆಂಟಿನ ಬಗ್ಗೆ ಕೇಳುತ್ತಾರೆ ಅಂತ ಜನ ಕಾದಿರುತ್ತಾರೆ. ಬೂದಿಯ ವಿಷಯ ಎತ್ತಿದ ಕೂಡಲೇ ಮನೆಯ ಅಕ್ಕಂದಿರು "ಅದು ತೆಂಗಿನ ಬುಡಕ್ಕೆ ಅಲ್ವಾ" ಅನ್ನುತ್ತಾರೆ. ಸರಿ, ಕೊನೆಗೆ ಹೋಗುವುದು ತೆಂಗಿನ ಬುಡಕ್ಕೇ. ಅಲ್ಲಿಗೆ ಹೋಗುವ ತನಕ ಎಲ್ಲಿರುತ್ತದೆ ಎಂದು ಕೇಳಿದರೆ ಉತ್ತರ ಸ್ವಲ್ಪ ತಡವಾಗಿ ಬರುತ್ತದೆ. ಬಚ್ಚಲಿನ ಮೂಲೆಯಲ್ಲಿ ಒಂದು ಗೋಣಿ. ಇಲ್ಲದಿದ್ದರೆ ಒಡೆದ ಪ್ಲಾಸ್ಟಿಕ್ ಬಕೆಟು. ಕೆಲವು ಕಡೆ ರಟ್ಟಿನ ಪೆಟ್ಟಿಗೆ. ಅದರ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಸೌದೆಯ ರಾಶಿ.

ಕಾಸರಗೋಡು ಜಿಲ್ಲೆಯ ನಮ್ಮ ಕಡೆಯ ಫೈರ್ ಸ್ಟೇಷನ್ನಿನ ಜೊತೆ ಕೆಲಸ ಮಾಡುವ ಸಿವಿಲ್ ಡಿಫೆನ್ಸ್ ಸ್ವಯಂಸೇವಕರಲ್ಲಿ ನಾನೂ ಒಬ್ಬ. 2018ರ ಪ್ರವಾಹ ಆದ ಮೇಲೆ ಕೇರಳದಲ್ಲಿ ಫೈರ್ ಫೋರ್ಸಿನ ಅಡಿಯಲ್ಲಿ ಈ ಪಡೆ ಕಟ್ಟಿದರು, ಸ್ಟೇಷನ್ನಿಗೆ 50 ಜನರ ಲೆಕ್ಕದಲ್ಲಿ. ಸಂಬಳ ಇಲ್ಲ. ತರಬೇತಿ ಕೊಡುತ್ತಾರೆ, ಕರೆದಾಗ ಹೋಗಬೇಕು. ನಮ್ಮ ಗುಂಪಿನಲ್ಲಿ ಆಟೋ ಓಡಿಸುವವರಿದ್ದಾರೆ, ಅಡಿಕೆ ಕೃಷಿಕರಿದ್ದಾರೆ, ರಬ್ಬರ್ ಟ್ಯಾಪಿಂಗ್ ಮಾಡುವವರಿದ್ದಾರೆ, ಟೀಚರುಗಳಿದ್ದಾರೆ. ಮನೆಗೆ ಬೆಂಕಿ ಬಿದ್ದ ಸುದ್ದಿ ಬಂದರೆ ದೊಡ್ಡ ವಾಹನ ತಲುಪುವ ಮೊದಲು ಬೈಕಿನಲ್ಲಿ ತಲುಪುವವರು ನಾವು. ಹಾಗೆ ತಲುಪಿ ನೋಡಿದ್ದರಿಂದ ಒಂದು ಮಾತು ಹೇಳಬೇಕೆನಿಸಿದೆ. ಉರಿಯುವ ಒಲೆಯ ಎದುರು ಯಾರಾದರೂ ಇದ್ದೇ ಇರುತ್ತಾರೆ. ನೀರು ಕಾದು, ಎಲ್ಲರ ಮೀಯುವಿಕೆ ಮುಗಿದು, ಬಚ್ಚಲಿನ ಬಾಗಿಲು ಎಳೆದುಕೊಂಡು ಒಳಗೆ ಹೋದ ಮೇಲೆ ಅಲ್ಲಿ ಯಾರೂ ಇರುವುದಿಲ್ಲ. ನಾನು ನೋಡಿದ ಮಟ್ಟಿಗೆ ನಮ್ಮ ಕಡೆ ಮನೆಗೆ ಬೆಂಕಿ ಬರುವುದು ಆ ಹೊತ್ತಿಗೇ. ಒಲೆ ಆರಿದೆ ಎಂದು ಎಲ್ಲರೂ ನಂಬಿದ ಮೇಲೆ.

ಒಂದು ಮನೆಯ ವಿಷಯ ಹೇಳುತ್ತೇನೆ. ಯಾರ ಮನೆ ಎಂದು ಹೇಳುವುದಿಲ್ಲ, ಅದರಿಂದ ಯಾರಿಗೂ ಪ್ರಯೋಜನ ಇಲ್ಲ. ಚಳಿಗಾಲ, ಅಡಿಕೆ ಸುಲಿಯುವ ಸಮಯ. ಬಚ್ಚಲಿನ ಒಂದು ಗೋಡೆಗೆ ಒತ್ತಿ ಅಡಿಕೆ ಸಿಪ್ಪೆಯನ್ನು ಎದೆಮಟ್ಟ ರಾಶಿ ಹಾಕಿದ್ದರು. ಸಂಜೆ ಒಲೆಗೆ ಗೆರಟೆ, ಅಂದರೆ ತೆಂಗಿನ ಚಿಪ್ಪು, ಹಾಕಿದ್ದರು. ರಾತ್ರಿ ಬೂದಿ ಬಾಚಿ ಗೋಣಿಗೆ ತುಂಬಿಸಿದ್ದಾರೆ, ಮೇಲಿಂದ ನೋಡಿದರೆ ಬೆಳ್ಳಗಿನ ಬೂದಿ, ಕೈಗೆ ಬಿಸಿಯೂ ತಾಗಿಲ್ಲ. ಒಳಗೆ ಗೆರಟೆಯ ಕೆಂಡ ಇತ್ತು. ಗೆರಟೆಯ ಕೆಂಡ ಬೂದಿಯೊಳಗೆ ಹುದುಗಿದರೆ ಬೇಗ ಸಾಯುವುದಿಲ್ಲ, ಗಾಳಿ ಕಮ್ಮಿ ಸಿಕ್ಕಷ್ಟೂ ನಿಧಾನಕ್ಕೆ ಉರಿಯುತ್ತಾ ಬದುಕಿರುತ್ತದೆ. ಗೋಣಿ ಸುಟ್ಟಿತು. ಕೆಂಡ ಸಿಪ್ಪೆಯ ಮೇಲೆ ಬಿತ್ತು. ಅಡಿಕೆ ಸಿಪ್ಪೆ ನಾರು ನಾರಾಗಿ ಇರುವುದರಿಂದ ಭಗ್ಗನೆ ಹತ್ತುವುದಿಲ್ಲ, ಒಳಗೊಳಗೇ ಕೆಂಪಾಗುತ್ತಾ ಹೋಗುತ್ತದೆ. ಬೆಳಗಿನ ಜಾವ ಹಟ್ಟಿಯಲ್ಲಿ ದನ ಕೂಗಿದ ಮೇಲೆ ಮನೆಯವರಿಗೆ ಗೊತ್ತಾಯಿತು. ನಾವು ಹೋದಾಗ ಜ್ವಾಲೆ ಕಾಣುತ್ತಿರಲಿಲ್ಲ. ರಾಶಿಯ ಮೇಲೆ ಕರಿ ಹೊಪ್ಪಳೆ. ಮನೆಯವರು ಕೊಡಗಟ್ಟಲೆ ನೀರು ಸುರಿದಿದ್ದರು, ಅದು ಆ ಹೊಪ್ಪಳೆಯ ಮೇಲಿಂದ ಜಾರಿ ನೆಲಕ್ಕೆ ಹೋಗಿತ್ತು. ಹಾರೆಯಿಂದ ಒಂದು ಬದಿ ಎಳೆದು ನೋಡಿದರೆ ಒಳಗೆಲ್ಲಾ ಕೆಂಪು. ಮೇಲೆ ಮಾಡಿನ ಮರದ ಪಕ್ಕಾಸು ಒಂದು ಆಗಲೇ ಹಿಡಿದಿತ್ತು.

ಅಂಥ ರಾಶಿಯನ್ನು ಎಳೆದು ಹರಡದೆ ನೀರು ಹೊಯ್ದು ಪ್ರಯೋಜನ ಇಲ್ಲ. ಸ್ವಲ್ಪ ಸ್ವಲ್ಪವೇ ಅಂಗಳಕ್ಕೆ ಎಳೆದು, ತೆಳ್ಳಗೆ ಹರಡಿ, ನೆನೆಸಿ, ಮತ್ತೆ ತಿರುವಿ ನೆನೆಸಬೇಕು. ಅದನ್ನು ಮಾಡುವಾಗ ಬೆಳಗಾಗಿತ್ತು. ಮನೆ ಉಳಿಯಿತು, ಬಚ್ಚಲಿನ ಮಾಡು ಹೋಯಿತು.

ಹಾಗಾಗಿ ಬೂದಿಗೆ ತಗಡಿನ ಡಬ್ಬ ಬೇಕು, ಮುಚ್ಚಳ ಇರುವಂಥದ್ದು. ಎಣ್ಣೆಯ ಹಳೆಯ ಡಬ್ಬ ಆದೀತು, ಪೈಂಟಿನ ದೊಡ್ಡ ಡಬ್ಬ ತೊಳೆದು ಒಣಗಿಸಿದ್ದೂ ಆದೀತು. ಅದನ್ನು ಬಚ್ಚಲಿನ ಒಳಗೆ ಇಡಬೇಡಿ, ಜಗಲಿಯಲ್ಲಿ ಇಡಬೇಡಿ. ಮನೆಯಿಂದ ಹತ್ತು ಅಡಿ ಆಚೆ, ಮಣ್ಣಿನ ಮೇಲೋ ಮುರಕಲ್ಲಿನ ಮೇಲೋ ಇಡಿ. ದೂರ ನಿಂತು ನಿಧಾನಕ್ಕೆ ನೀರು ಚಿಮುಕಿಸಿ, ಕೋಲಿನಿಂದ ಕಲಸಿ, ಮತ್ತೆ ಚಿಮುಕಿಸಿ. ಒಮ್ಮೆಗೇ ಹೊಯ್ದರೆ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ. ಮೂರು ನಾಲ್ಕು ದಿನ ಅಲ್ಲೇ ಇರಲಿ. ಆಮೇಲೆ ತೆಂಗಿಗೋ ಬಾಳೆಗೋ ಹಾಕಿ.

ಇದಕ್ಕೆ ಕೃಷಿಕರು ಒಂದು ಆಕ್ಷೇಪ ಹೇಳುತ್ತಾರೆ, ಅದನ್ನು ನಾನು ಗೌರವಿಸುತ್ತೇನೆ. ನೀರು ಬಿದ್ದರೆ ಬೂದಿಯ ಸಾರ ಹೋಗುತ್ತದೆ ಎನ್ನುವುದು. ಮಾತು ನಿಜ, ಬೂದಿಯಲ್ಲಿರುವ ಪೊಟ್ಯಾಷ್ ನೀರಿನಲ್ಲಿ ಕರಗುತ್ತದೆ, ಮಳೆಗೆ ಬಿಟ್ಟ ಬೂದಿ ಸಪ್ಪೆಯಾಗುತ್ತದೆ. ಆದರೆ ಡಬ್ಬದೊಳಗೆ ಚಿಮುಕಿಸಿದ ನೀರು ಎಲ್ಲಿಗೂ ಹರಿದು ಹೋಗುವುದಿಲ್ಲ. ಸಾರ ಡಬ್ಬದಲ್ಲೇ ಇರುತ್ತದೆ. ಮುಚ್ಚಳ ಹಾಕಿದರೆ ಮಳೆಯೂ ಬೀಳುವುದಿಲ್ಲ. ಗೋಣಿಯಲ್ಲಿಟ್ಟು ಮಾಡಿನ ನೀರು ಸೋಕಿಸುವುದಕ್ಕಿಂತ ಇದೇ ಒಳ್ಳೆಯದು.

ಈಗ ಒಲೆಯ ವಿಷಯ. ಕಾಸರಗೋಡಿನಲ್ಲಿ ಕೋಣೆ ಬೆಚ್ಚಗೆ ಮಾಡಲಿಕ್ಕೆ ಅಂತ ಯಾರೂ ಹೀಟರ್ ಇಡುವುದಿಲ್ಲ. ನಮಗೆ ಬಿಸಿ ಅಂದರೆ ಹಂಡೆಯ ನೀರು. ಆದರೆ ಆಷಾಢ ಬಂತು ಅಂದರೆ ಅದೇ ಒಲೆ ಹತ್ತು ಕೆಲಸ ಮಾಡುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು, ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರಿನ ಒಳಗೇ. ಬಟ್ಟೆ ಒಣಗುವುದಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳ ಯೂನಿಫಾರ್ಮ್ ನೇತು ಹಾಕುತ್ತಾರೆ. ಒದ್ದೆ ಸೌದೆಯನ್ನು ಹಂಡೆಯ ಕಟ್ಟೆಯ ಮೇಲೆ ಒಟ್ಟುತ್ತಾರೆ, ನಾಳೆಗೆ ಬಿಸಿ ಹಿಡಿದಿರಲಿ ಅಂತ. ಹಾಳೆ, ಕೊತ್ತಳಿಗೆ, ಕರಟಿದ ಕಾಯಿ ಎಲ್ಲಾ ಸುತ್ತಮುತ್ತ. ಯಾರದ್ದೂ ಉದಾಸೀನ ಅಲ್ಲ ಅದು, ಮಳೆಗಾಲದ ಅನಿವಾರ್ಯ. ಅದನ್ನು ಒಪ್ಪಿಕೊಂಡೇ ಮಾತಾಡಬೇಕು.

ಬೇರೆ ಬೇರೆ ದೇಶಗಳ ಫೈರ್ ಸರ್ವಿಸಿನವರು ಹೀಟರಿಗೂ ಸುಡುವ ಸಾಮಾನಿಗೂ ನಡುವೆ ಮೂರು ಅಡಿ ಬಿಡಿ ಎಂದು ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಎರಡು ಮೊಳ. ಮೊಳ ಅಳೆಯಲು ಟೇಪು ಬೇಡ, ಅಜ್ಜಿಯಂದಿರಿಗೂ ಮಕ್ಕಳಿಗೂ ಕೈ ಇದೆ. ಒಲೆಯ ಬಾಯಿಯಿಂದ ಎರಡು ಮೊಳದ ಒಳಗೆ ಸುಡುವ ವಸ್ತು ಏನೂ ಇರಬಾರದು. ಬಚ್ಚಲೇ ಎಂಟು ಅಡಿ, ಅದರಲ್ಲಿ ಎರಡು ಮೊಳ ಬಿಟ್ಟರೆ ನಿಲ್ಲುವುದು ಎಲ್ಲಿ ಎಂದು ಕೇಳುತ್ತಾರೆ. ಅದಕ್ಕೆ ಮನೆ ನೋಡಿಯೇ ಉತ್ತರ ಹೇಳಬೇಕು. ಒಂದು ದಿನಕ್ಕೆ ಬೇಕಾದಷ್ಟೇ ಸೌದೆ ಒಳಗೆ, ಉಳಿದದ್ದು ಸೌದೆ ಕೊಟ್ಟಿಗೆಯಲ್ಲಿ. ಬಟ್ಟೆಯ ಹಗ್ಗ ಎದುರು ಗೋಡೆಗೆ. ಜಾಗವೇ ಇಲ್ಲದ ಕಡೆ ಒಲೆಗೂ ಸೌದೆಗೂ ನಡುವೆ ಮುರಕಲ್ಲಿನ ಒಂದು ಮೋಟು ಗೋಡೆ ಎಬ್ಬಿಸಿದವರಿದ್ದಾರೆ, ನಾಲ್ಕೈದು ಕಲ್ಲಿನ ಕೆಲಸ, ತುಂಬಾ ಒಳ್ಳೆಯ ಕೆಲಸ. ಹಳೆಯ ಮನೆಗಳಲ್ಲಿ ಒಲೆಯ ಬಾಯಿ ಬಚ್ಚಲಿನ ಹೊರಗಡೆಗೆ ಇರುತ್ತದೆ, ಹೊರಗಿನಿಂದ ಸೌದೆ ಹಾಕುವ ಹಾಗೆ. ಹೊಸ ಬಚ್ಚಲು ಕಟ್ಟುವವರು ದಯವಿಟ್ಟು ಅದನ್ನೇ ಮಾಡಿ.

ಇನ್ನೊಂದು, ಉದ್ದದ ಕೊಳ್ಳಿ. ತೆಂಗಿನ ಮಡಲನ್ನು ಕಡಿಯದೆ ಇಡೀ ದಂಡನ್ನೇ ಒಲೆಗೆ ತುರುಕಿ, ಉರಿದಷ್ಟು ಉರಿಯಲಿ, ಆಮೇಲೆ ದೂಡಿದರಾಯಿತು ಎಂದು ಹೋಗುವುದು ನಮ್ಮಲ್ಲಿ ಎಲ್ಲಾ ಮನೆಯ ಅಭ್ಯಾಸ. ಒಳಗಿನ ಭಾಗ ಸುಟ್ಟು ಹೋದ ಮೇಲೆ ಹೊರಗಿನ ಭಾರಕ್ಕೆ ದಂಡು ಮಗುಚಿ ಹೊರಗೆ ಬೀಳುತ್ತದೆ, ತುದಿಯಲ್ಲಿ ಬೆಂಕಿ ಇಟ್ಟುಕೊಂಡೇ. ಬೀಳುವ ಜಾಗದಲ್ಲಿ ಏನಿದೆ ಎಂಬುದರ ಮೇಲೆ ಮುಂದಿನದ್ದೆಲ್ಲಾ ನಿಂತಿದೆ. ಒಲೆಯ ಆಳಕ್ಕೆ ಸರಿಯಾಗಿ ಕಡಿದು ಹಾಕಿ. ಗೇರುಬೀಜದ ಸಿಪ್ಪೆಯಂತೂ ಒಲೆಗೆ ಬೇಡವೇ ಬೇಡ. ಅದರ ಎಣ್ಣೆ ಸಿಡಿಯುತ್ತದೆ, ಚರ್ಮಕ್ಕೆ ತಾಗಿದರೆ ಸುಡುತ್ತದೆ, ಹೊಗೆ ಕಣ್ಣಿಗೆ ಕೆಟ್ಟದ್ದು.

ಒಮ್ಮೆ ತಲೆ ಎತ್ತಿ ಮಾಡನ್ನೂ ನೋಡಿ. ಪಕ್ಕಾಸು, ರೀಪಿನ ನಡುವೆ ನೇತಾಡುವ ಇಲ್ಲಣ, ಅಂದರೆ ಹೊಗೆಯ ಮಸಿ, ಬರೀ ಕೊಳೆ ಅಲ್ಲ, ಒಂದು ಕಿಡಿ ತಾಗಿದರೆ ಸರ್ರನೆ ಓಡುವ ಬೆಂಕಿಯ ದಾರಿ. ಒದ್ದೆ ಸೌದೆ ಉರಿಸಿದಷ್ಟೂ ಅದು ಜಾಸ್ತಿ ಕಟ್ಟುತ್ತದೆ, ಅದರಲ್ಲಿ ಡಾಂಬರಿನಂಥ ಅಂಟು ಸೇರುತ್ತದೆ. ಹೊಗೆಗೆ ಪೈಪ್ ಇಟ್ಟ ಮನೆಯಲ್ಲಿ ಪೈಪಿನ ಒಳಗೂ ಅದೇ ಅಂಟು. ಮಳೆಗೆ ಮೊದಲು ಹಂಚು ಕೈಯಾಡಿಸಲು ಜನ ಮಾಡಿಗೆ ಹತ್ತುತ್ತಾರಲ್ಲ, ಅದೇ ದಿನ ಇಲ್ಲಣ ಹೊಡೆಸಿ, ಪೈಪ್ ಗುಡಿಸಿಸಿ. ಪೈಪ್ ಮಾಡು ದಾಟುವಲ್ಲಿ ಮರಕ್ಕೆ ತಾಗಿಕೊಂಡಿದೆಯಾ ನೋಡಿಸಿ. ವರ್ಷಗಟ್ಟಲೆ ಬಿಸಿ ತಿಂದು ಕರಿಯಾದ ಮರ ಹೊಸ ಮರಕ್ಕಿಂತ ಬೇಗ ಹಿಡಿಯುತ್ತದೆ.

ಕೆಂಡ ಒಯ್ಯುವ ಬಗ್ಗೆ ಹೇಳುವಾಗ ನನಗೆ ಯಾವಾಗಲೂ ಅಮೆರಿಕದ ಫಿಲಡೆಲ್ಫಿಯಾ ನೆನಪಾಗುತ್ತದೆ. 1735ರಲ್ಲಿ ಆ ಊರಿನ ಪತ್ರಿಕೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಬೆಂಕಿಯ ಬಗ್ಗೆ ಬರೆದರು. ಒಂದು ಕೋಣೆಯಿಂದ ಇನ್ನೊಂದಕ್ಕೆ ತೆರೆದ ಸಲಿಕೆಯಲ್ಲಿ ಕೆಂಡ ಒಯ್ಯಬೇಡಿ, ಮುಚ್ಚಳ ಇರುವ ಪಾತ್ರೆಯಲ್ಲಿ ಒಯ್ಯಿರಿ ಎನ್ನುವುದು ಅದರಲ್ಲಿ ಒಂದು ಮಾತು. ಮರುವರ್ಷ ನೆರೆಹೊರೆಯವರನ್ನು ಸೇರಿಸಿ ಯೂನಿಯನ್ ಫೈರ್ ಕಂಪನಿ ಎಂಬ ಸ್ವಯಂಸೇವಕರ ಪಡೆ ಕಟ್ಟಿದರು. ಪ್ರತಿಯೊಬ್ಬರೂ ಚರ್ಮದ ಬಕೆಟುಗಳನ್ನೂ ಸಾಮಾನು ತುಂಬಿ ಹೊರಗೆ ಸಾಗಿಸುವ ಚೀಲಗಳನ್ನೂ ಇಟ್ಟುಕೊಂಡಿರಬೇಕಿತ್ತು. ಇವತ್ತಿಗೂ ಅಮೆರಿಕದಲ್ಲಿ ಬೆಂಕಿ ಆರಿಸುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಂಬಳ ಇಲ್ಲದ ಊರಿನವರೇ. ಅಲ್ಲಿಯ ಸಣ್ಣ ಊರುಗಳ ಪಡೆಗಳು ಚಳಿಗಾಲಕ್ಕೆ ಮೊದಲು ಹೇಳುವ ಮಾತುಗಳು ಇವೇ: ಚಿಮಣಿ ಗುಡಿಸಿ, ಬೂದಿಗೆ ಲೋಹದ ಡಬ್ಬ, ಮೂರು ಅಡಿ ದೂರ, ಮಲಗುವ ಮೊದಲು ಆರಿಸಿ. ನಮ್ಮಲ್ಲೂ ಪಕ್ಕದ ಮನೆಯಿಂದ ಗೆರಟೆಯಲ್ಲಿ ಕೆಂಡ ತಂದು ಒಲೆ ಹಚ್ಚುವ ಕಾಲ ಇತ್ತು, ನನ್ನ ಅತ್ತೆ ಇತ್ತೀಚಿನ ತನಕವೂ ಬಚ್ಚಲೊಲೆಯಿಂದ ಹಟ್ಟಿಗೆ ಹಾಗೇ ಕೆಂಡ ಒಯ್ಯುತ್ತಿದ್ದರು. ಈಗ ಮುಚ್ಚಳದ ಹಿತ್ತಾಳೆ ಧೂಪಾರತಿಯಲ್ಲಿ ಒಯ್ಯುತ್ತಾರೆ. ಅವರೇ ಕಂಡುಕೊಂಡ ಉಪಾಯ ಅದು.

ಹಟ್ಟಿಗೆ ಯಾಕೆ ಕೆಂಡ ಎಂದು ಪೇಟೆಯವರು ಕೇಳಬಹುದು. ನುಸಿಗೆ. ಸಂಜೆ ದನಗಳಿಗೆ ನುಸಿ ಕಚ್ಚದಿರಲಿ ಅಂತ ಬೇವಿನ ಸೊಪ್ಪೋ ಹಸಿ ಸಿಪ್ಪೆಯೋ ಹಾಕಿ ಹೊಗೆ ಹಾಕುತ್ತಾರೆ. ಮೇಲೆ ಅಟ್ಟದಲ್ಲಿ ಬೈಹುಲ್ಲು. ದನ ಕಟ್ಟಿ ಹಾಕಿದ ಸ್ಥಿತಿಯಲ್ಲಿ ಇರುತ್ತದೆ, ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಯಾರ ಮುಲಾಜನ್ನೂ ನೋಡುವುದಿಲ್ಲ. ಹೊಗೆ ಹಾಕುವುದಾದರೆ ಹಟ್ಟಿಯ ಹೊರಗೆ, ಗಾಳಿ ಬರುವ ಬದಿಯಲ್ಲಿ, ಮಣ್ಣಿನ ಚಟ್ಟಿಯಲ್ಲಿ ಹಾಕಿ. ಇಲ್ಲವಾದರೆ ಹಳೆಯ ಸೀರೆಯನ್ನೋ ಬಲೆಯನ್ನೋ ಕಟ್ಟಿ.

ಬಾಣಂತಿ ಕೋಣೆಯ ವಿಷಯ ಇನ್ನೂ ಸೂಕ್ಷ್ಮ. ಮಗುವಿಗೆ ಬೆಚ್ಚಗಾಗಲಿ ಅಂತ ಮಂಚದ ಬದಿಯಲ್ಲಿ ಕೆಂಡದ ಚಟ್ಟಿ ಇಟ್ಟು, ಗಾಳಿ ತಾಗಬಾರದು ಅಂತ ಕಿಟಕಿ ಬಾಗಿಲು ಹಾಕುತ್ತಾರೆ. ಬಟ್ಟೆಗೆ ಹಿಡಿಯುವ ಭಯ ಎಲ್ಲರಿಗೂ ಇದೆ. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆ ತಿರುಗುವುದು, ವಾಕರಿಕೆ. ಬಾಣಂತಿಗೆ ಸುಸ್ತು ಇದ್ದದ್ದೇ ಎಂದು ಮನೆಯವರು ಸುಮ್ನೆ ಇರುತ್ತಾರೆ. ಹಾಗೇ ನಿದ್ದೆ ಹಿಡಿದರೆ ಏಳುವುದಿಲ್ಲ. ಹೊಗೆ ಇಲ್ಲದ ಕೆಂಡ ಸುರಕ್ಷಿತ ಎಂಬ ನಂಬಿಕೆ ನಮ್ಮಲ್ಲಿ ತುಂಬಾ ಗಟ್ಟಿ, ಅದು ಸುಳ್ಳು. ಹೊಗೆ ಇಲ್ಲದ ಕೆಂಡದಿಂದಲೂ ಆ ಅನಿಲ ಬರುತ್ತದೆ. ಮಗುವಿಗೆ ಬೆಚ್ಚಗಿರಲು ಟೊಪ್ಪಿ, ಮೆತ್ತನೆಯ ಹೊದಿಕೆ, ಅಮ್ಮನ ಮೈ ಸಾಕು. ಧೂಪ ಹಾಕಲೇಬೇಕು ಎಂದರೆ ಕೋಣೆಗೆ ಹಾಕಿ, ಚಟ್ಟಿ ಹೊರಗೆ ಒಯ್ದು, ಕಿಟಕಿ ತೆರೆದು, ಆಮೇಲೆ ಅಮ್ಮ ಮಗು ಒಳಗೆ ಬರಲಿ. ಈ ಮಾತನ್ನು ಸೊಸೆಯಂದಿರ ಹತ್ತಿರ ಹೇಳಿ ಪ್ರಯೋಜನ ಇಲ್ಲ, ಆ ಹೊತ್ತಿನಲ್ಲಿ ಅವರ ಮಾತು ನಡೆಯುವುದಿಲ್ಲ. ಬಾಣಂತನ ಮಾಡುವ ಹಿರಿಯರನ್ನೇ ಕೂರಿಸಿಕೊಂಡು ಹೇಳಬೇಕು.

ಅದೇ ಅನಿಲ ಗ್ಯಾಸ್ ಗೀಸರಿನಲ್ಲೂ. ಬಾತ್‌ರೂಮಿನ ಒಳಗೇ ಗೀಸರ್ ಇಟ್ಟು, ಮೇಲಿನ ಕಿಂಡಿಗೆ ಚಳಿ ಎಂದು ರಟ್ಟು ಅಡ್ಡ ಇಟ್ಟು ಸ್ನಾನ ಮಾಡಿದರೆ ಒಳಗೆ ಬಿದ್ದವರು ಕೂಗಲೂ ಆಗುವುದಿಲ್ಲ. ಗೀಸರ್ ಹೊರಗೆ ಇರಲಿ, ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ.

ನೀರು ಕಾಯಿಸುವ ಕರೆಂಟಿನ ರಾಡು ಈಗ ಬಾಡಿಗೆ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ ಜಾಸ್ತಿ. 1,500 ವ್ಯಾಟಿನ ರಾಡು ಆರೂವರೆ ಆಂಪಿಯರ್ ಎಳೆಯುತ್ತದೆ. ಫೋನ್ ಚಾರ್ಜ್ ಮಾಡುವ ಸಣ್ಣ ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಅದನ್ನು ಚುಚ್ಚಿದರೆ ಬೋರ್ಡೇ ಕರಗುತ್ತದೆ. 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಪ್ಲಾಸ್ಟಿಕ್ ಬಕೆಟಿಗೆ ರಾಡಿನ ಸುರುಳಿ ತಾಗಬಾರದು, ನೀರಿಗೆ ಇಳಿಸಿದ ಮೇಲೆ ಸ್ವಿಚ್ ಹಾಕಬೇಕು, ಪಿನ್ನು ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್, 30 ಮಿಲಿ ಆಂಪಿಯರಿನ ಇಎಲ್‌ಸಿಬಿ, ಮನೆಯಲ್ಲಿ ಇದೆಯಾ, ಅದರ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದೆಯಾ ನೋಡಿ. ಇಲೆಕ್ಟ್ರಿಷಿಯನ್ ಬೇಡ ಅದಕ್ಕೆ.

ಪೂರ್ವದ ಕಡೆ, ಗುಡ್ಡಗಳಲ್ಲಿ, ರಬ್ಬರಿನ ಹೊಗೆಮನೆಗಳಿವೆ. ಶೀಟುಗಳನ್ನು 40ರಿಂದ 60 ಡಿಗ್ರಿ ಬಿಸಿಯಲ್ಲಿ ಕೆಲವು ದಿನ ಹೊಗೆಗೆ ಇಡುತ್ತಾರೆ. ಕೋಲಿನಿಂದ ಒಂದು ಶೀಟು ಜಾರಿ ಕೆಳಗಿನ ಬೆಂಕಿಗೆ ಬಿದ್ದರೆ ಮುಗಿಯಿತು, ರಬ್ಬರು ಹಿಡಿದರೆ ಆ ಕಪ್ಪು ಹೊಗೆಯಲ್ಲಿ ಒಳಗೆ ಹೋಗಲಿಕ್ಕೇ ಆಗುವುದಿಲ್ಲ. ಬೆಂಕಿಯ ಗುಂಡಿಯ ಮೇಲೆ ಗಟ್ಟಿ ಕಬ್ಬಿಣದ ಜಾಳಿಗೆ ಬೇಕು, ಜಿನುಗುವ ಹೊಸ ಶೀಟನ್ನು ಬೆಂಕಿಯ ನೇರ ಮೇಲೆ ಹಾಕಬಾರದು, ಹೊಗೆಮನೆ ವಾಸದ ಮನೆಗೆ ತಾಗಿಕೊಂಡಿರಬಾರದು. ಕೊಬ್ಬರಿ ಇಡುವವರು ಇನ್ನೊಂದು ತಿಳಿದಿರಬೇಕು, ಸರಿಯಾಗಿ ಒಣಗದ ಕೊಬ್ಬರಿಯ ದೊಡ್ಡ ರಾಶಿ ಹೊರಗಿನ ಬೆಂಕಿ ಇಲ್ಲದೆ ತಾನೇ ಒಳಗೆ ಬಿಸಿಯಾಗುತ್ತದೆ. ಹಡಗಿನಲ್ಲಿ ಸಾಗಿಸುವಾಗ ಕೊಬ್ಬರಿಯನ್ನು ಅಪಾಯದ ಸರಕು ಎಂದು ಲೆಕ್ಕ ಹಾಕುವುದು ಅದಕ್ಕೇ.

ದೂರ, ದೂರ ಎಂದು ಯಾಕೆ ಇಷ್ಟು ಹೇಳುತ್ತೇನೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ನಡೆದದ್ದನ್ನು ನೆನಪಿಸುತ್ತೇನೆ. 2024ರ ಅಕ್ಟೋಬರ್ 28ರ ರಾತ್ರಿ, ನೀಲೇಶ್ವರದ ಅಂಞೂಟ್ಟಂಬಲಂ ವೀರರ್ಕಾವು ದೇವಸ್ಥಾನದಲ್ಲಿ ತೆಯ್ಯಂ ಎಂಬ ದೈವಾರಾಧನೆ ನಡೆಯುತ್ತಿತ್ತು. ಹೊಡೆಯುತ್ತಿದ್ದ ಪಟಾಕಿಯ ಕಿಡಿ ಹತ್ತಿರದಲ್ಲೇ ದಾಸ್ತಾನಿಟ್ಟಿದ್ದ ಪಟಾಕಿಗೆ ಬಿತ್ತು. 150ಕ್ಕೂ ಜಾಸ್ತಿ ಜನರಿಗೆ ಗಾಯ. ಕೆಲವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಪಟಾಕಿ, ಇಲ್ಲಿ ಅಡಿಕೆ ಸಿಪ್ಪೆ. ಕಿಡಿ ಬೀಳುವ ಜಾಗ ಮತ್ತು ದಾಸ್ತಾನು ಇಡುವ ಜಾಗ ಒಂದೇ ಆಗಬಾರದು ಎನ್ನುವುದು ಎರಡಕ್ಕೂ ಒಂದೇ ನಿಯಮ.

ಈಗ ಬೆಂಕಿ ಬಿದ್ದೇ ಬಿಟ್ಟಿತು ಎಂದುಕೊಳ್ಳಿ. ಉಪ್ಪಳ, ಕಾಸರಗೋಡು, ಕುತ್ತಿಕ್ಕೋಲು, ಕಾಞಂಗಾಡು, ತೃಕ್ಕರಿಪುರದಲ್ಲಿ ಫೈರ್ ಸ್ಟೇಷನ್ನುಗಳಿವೆ. ನಮ್ಮ ಗಡಿಯ ಒಳ ಊರುಗಳಿಗೆ ಅಲ್ಲಿಂದ ಬರುವ ದಾರಿ ನಿಮಗೇ ಗೊತ್ತು. ಗುಡ್ಡ, ತಿರುವು, ಕಿರಿದಾದ ಕಾಂಕ್ರೀಟ್ ರಸ್ತೆ, ಕೊನೆಗೆ ಜೀಪು ಮಾತ್ರ ಇಳಿಯುವ ದಾರಿ. ಮಾರ್ಚ್, ಏಪ್ರಿಲಿನಲ್ಲಿ ಗುಡ್ಡೆಯ ಮುಳಿಹುಲ್ಲಿಗೆ ಬೆಂಕಿ ಬಿದ್ದ ಕಡೆಗೆ ವಾಹನ ಹೋಗಿರಲೂಬಹುದು. ಎಷ್ಟು ವೇಗವಾಗಿ ಬಂದರೂ ಮೊದಲ ಹತ್ತು ಹದಿನೈದು ನಿಮಿಷ ಮನೆಯವರದ್ದು ಮತ್ತು ಪಕ್ಕದ ಮನೆಯವರದ್ದು.

ಆ ಹದಿನೈದು ನಿಮಿಷಕ್ಕೆ ನೀರು ಬೇಕು. ಮೇನ್ ಸ್ವಿಚ್ ತೆಗೆದರೆ ಪಂಪು ನಿಲ್ಲುತ್ತದೆ, ಇದನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ. ಇಲ್ಲಿ ನಮಗೆ ಒಂದು ಭಾಗ್ಯ ಇದೆ. ಸುರಂಗ ಇರುವ ಮನೆಗಳಲ್ಲಿ ಗುಡ್ಡದ ಹೊಟ್ಟೆಯಿಂದ ಬರುವ ನೀರು ಮೇಲಿನ ಟ್ಯಾಂಕಿಗೆ ಬಂದು, ಕರೆಂಟು ಇಲ್ಲದೆ ತಾನಾಗಿ ಕೆಳಗೆ ಇಳಿಯುತ್ತದೆ. ಆ ಟ್ಯಾಂಕಿಗೆ ಒಂದು ನಲ್ಲಿ, ನಲ್ಲಿಗೆ ಬಚ್ಚಲಿನ ಹಿಂದಿನ ತನಕ ತಲುಪುವ ರಬ್ಬರ್ ಹೋಸು ಹಾಕಿ ಇಟ್ಟರೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಸುರಂಗ ಇಲ್ಲದವರು ಬಚ್ಚಲಿನ ಹೊರಗೆ ಒಂದು ಡ್ರಮ್ ನೀರು, ಎರಡು ಬಕೆಟು, ಒಂದು ದಪ್ಪ ಗೋಣಿ ಇಡಿ. ಒದ್ದೆ ಗೋಣಿ ಸಣ್ಣ ಬೆಂಕಿಯ ಮೇಲೆ ಹಾಕಿದರೆ ಅಲ್ಲೇ ಉಸಿರು ಕಟ್ಟುತ್ತದೆ. ಎಣ್ಣೆಯ ಬಾಣಲೆಗೆ ಮಾತ್ರ ನೀರು ಹಾಕಲೇಬೇಡಿ, ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ. ಗ್ಯಾಸ್ ಸೋರಿದ ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ತೆಗೆಯುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆಯಿರಿ. ಅದು ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ, ಬಾಗಿಲಿನಿಂದಲೇ ಹೊರಗೆ ಹೋಗಬೇಕು. ಆಮೇಲೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಮೈ ಸುಟ್ಟರೆ ತಣ್ಣಗಿನ ಹರಿಯುವ ನೀರು, 20 ನಿಮಿಷ. ಟೂತ್‌ಪೇಸ್ಟು, ತುಪ್ಪ, ಅರಸಿನ ಏನೂ ಬೇಡ. ಅಂಟಿದ ಬಟ್ಟೆ ಎಳೆಯಬೇಡಿ.

ಬೆಂಕಿ ಮಾಡಿಗೆ ಹಿಡಿದಿದ್ದರೆ ಬಕೆಟು ಬಿಟ್ಟು ಹೊರಗೆ ಬನ್ನಿ. ಹಂಚು ಬಿಸಿಗೆ ಸಿಡಿದು ತಲೆಯ ಮೇಲೆ ಬೀಳುತ್ತದೆ. ಆಧಾರ್, ಆಸ್ತಿಪತ್ರ, ಚಿನ್ನ ಎಂದು ಒಳಗೆ ಓಡಿದವರನ್ನು ಹೊರಗೆ ಎಳೆಯುವುದೇ ನಮಗೆ ಅತ್ಯಂತ ಕಷ್ಟದ ಕೆಲಸ.

ಕೊನೆಗೆ ಭಾಷೆಯ ಮಾತು, ಇದು ನನ್ನನ್ನು ತುಂಬಾ ಕಾಡುವ ವಿಷಯ. ನಾವು ಮನೆಮನೆಗೆ ಹಂಚಿದ ಮೊದಲ ಕಾಗದ ಮಲಯಾಳದಲ್ಲಿತ್ತು. ಶಾಲೆಗೆ ಹೋಗುವ ಮಕ್ಕಳು ಓದುತ್ತಾರೆ, ಗಂಡಸರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ದಿನಾ ಒಲೆಯ ಎದುರು ಕೂರುವ ಅಮ್ಮಂದಿರು, ಅಜ್ಜಿಯಂದಿರು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಮಾತಾಡುವವರು, ಓದುವುದು ಕನ್ನಡ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ಗಡಿ ಬದಲಾಯಿತು, ಅವರು ಓದುವ ಅಕ್ಷರ ಬದಲಾಗಲಿಲ್ಲ. ಕಾಗದ ಒಲೆ ಹಚ್ಚಲು ಹೋಯಿತು. ಆಮೇಲೆ ಒಬ್ಬ ಟೀಚರು ಕನ್ನಡದಲ್ಲಿ ಬರೆದುಕೊಟ್ಟರು, ದಪ್ಪ ಅಕ್ಷರದಲ್ಲಿ, ಒಂದೇ ಪುಟ. ಈಗ ಹಲವು ಬಚ್ಚಲುಗಳ ಬಾಗಿಲಿನ ಹಿಂದೆ ಅದು ಅಂಟಿಕೊಂಡಿದೆ. ಜೀವ ಉಳಿಸುವ ಮಾತು ಓದುವವರ ಭಾಷೆಯಲ್ಲಿ ಇರಬೇಕು, ಇದರಲ್ಲಿ ಯಾವ ರಾಜಕೀಯವೂ ಇಲ್ಲ.

ಆ ಪುಟದ ಕೆಳಗೆ ಫೋನ್ ಮಾಡುವ ಕ್ರಮ ಇದೆ. 101 ಅಥವಾ 112. ಗಡಿಯ ಬದಿಯಲ್ಲಿ ಮೊಬೈಲಿಗೆ ಕರ್ನಾಟಕದ ಟವರ್ ಸಿಗುವುದುಂಟು, ಹಾಗಾಗಿ ಮೊದಲು "ಕಾಸರಗೋಡು ಜಿಲ್ಲೆ" ಎಂದು ಹೇಳಿ, ಆಮೇಲೆ ಪಂಚಾಯತು, ಆಮೇಲೆ ಹತ್ತಿರದ ಶಾಲೆಯೋ ದೇವಸ್ಥಾನವೋ ಮಸೀದಿಯೋ. ಮನೆಯ ಹೆಸರು ಕೊನೆಗೆ. ದೊಡ್ಡ ವಾಹನ ಎಲ್ಲಿಯ ತನಕ ಬರುತ್ತದೆ, ಕೆರೆ ಎಲ್ಲಿದೆ ಎಂದು ಹೇಳಿ. ಹತ್ತಿರದ ಸ್ಟೇಷನ್ನಿನ ನೇರ ನಂಬರನ್ನೂ ಗೋಡೆಯಲ್ಲಿ ಬರೆದಿಡಿ. ಒಬ್ಬರು ಮುಖ್ಯ ರಸ್ತೆಗೆ ಓಡಿ ವಾಹನಕ್ಕೆ ದಾರಿ ತೋರಿಸಲಿ.

ಪುಟ ಬೇಕಾದವರು ನಿಮ್ಮ ವಾರ್ಡಿನ ಕುಟುಂಬಶ್ರೀ ಮಹಿಳಾ ಸಂಘದ ಸಭೆಯಲ್ಲಿ ಕೇಳಿ, ಇಲ್ಲದಿದ್ದರೆ ಜೆರಾಕ್ಸ್ ಮಾಡಿ ನೀವೇ ಹಂಚಿ. ಹೋಸು ಹಿಡಿಯುವುದು, ರಾಶಿ ಎಳೆಯುವುದು ಎಲ್ಲಾ ಮಾಡಿ ತೋರಿಸಬೇಕು ಅಂದರೆ ಹತ್ತಿಪ್ಪತ್ತು ಜನ ಸೇರಿ ಸ್ಟೇಷನ್ನಿಗೆ ತಿಳಿಸಿ, ನಾವು ಬರುತ್ತೇವೆ. ಆದಿತ್ಯವಾರ ಬೆಳಿಗ್ಗೆ ಆದರೆ ಒಳ್ಳೆಯದು, ಬಾಣಂತನ ಮಾಡುವ ಹಿರಿಯರನ್ನು ಮರೆಯದೆ ಕರೆಯಿರಿ.